ಗಂಟು

ಸೊಂಟಕ್ಕೂ ಒಂದು ಹಾಜರಿ ಪುಸ್ತಕವಿದೆ.
ನಾನು ಹತ್ತಕ್ಕೆ ಸಹಿ ಹಾಕಿದರೆ
ಅದು ಹನ್ನೊಂದೂಕಾಲಿಗೆ ಬರುತ್ತದೆ,
ಬಂದರೆ ರಾತ್ರಿಯವರೆಗೆ ಕದಲುವುದಿಲ್ಲ.
ಇಡೀ ಆಫೀಸಿನಲ್ಲಿ ಅಷ್ಟು ನಿಷ್ಠೆಯವರು
ಬೇರೆ ಯಾರೂ ಇಲ್ಲ.

ದಾವಣಗೆರೆ, ನೀರಿನ ಕಂದಾಯ ವಿಭಾಗ, ಮೇಲ್ಮಹಡಿ.
ಕಿಟಕಿಯಾಚೆ ಹಳೇ ಹತ್ತಿ ಗೋದಾಮಿನ ತಗಡು.
ನನ್ನ ಕುರ್ಚಿ ನನಗಿಂತ ಸೀನಿಯರ್.
ಮೊದಲು ಇದರಲ್ಲಿದ್ದವರು ಕೊಟ್ರಬಸಪ್ಪನವರು,
ತೂಕದ ಆಸಾಮಿ. ರಿಟೈರಾಗಿ ಆರು ವರ್ಷ,
ಸ್ಪಂಜಿನಲ್ಲಿ ಅವರ ಗುಂಡಿ ಹಾಗೇ ಇದೆ.
ದಿನಾ ಅದರೊಳಗೆ ಇಳಿದು
ವಾರ್ಡುವಾರ್ಡಿನ ಬಾಕಿ ಹುಡುಕುತ್ತೇನೆ,
ಬಾವಿಗೆ ಬಿದ್ದ ಕೊಡವನ್ನು ಹುಡುಕುವ ಹಾಗೆ,
ಬಗ್ಗಿ.

ಮೂಳೆ ಡಾಕ್ಟರು ಫಿಲಂ ಬೆಳಕಿಗೆ ಹಿಡಿದು
'ಏನೂ ಇಲ್ಲಮ್ಮ, ಕೂರೋದು ಕಮ್ಮಿ ಮಾಡಿ' ಅಂದರು,
ಕೂತುಕೊಂಡೇ.
ಅಂಗಿಯೊಳಗೆ ಅವರ ಸೊಂಟದ ಪಟ್ಟಿ ಉಬ್ಬಿದ್ದು ಕಂಡು
ಅದೇಕೋ ಅರ್ಧ ನೋವು ಅಲ್ಲೇ ಇಳಿಯಿತು.
ಮಿಕ್ಕರ್ಧ ಆಟೋ ಹತ್ತುವಾಗ ವಾಪಸ್.

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದಂತೆ.
ಕೂತು ದುಡಿಯುವವರಿಗೆ ಏನು ಸಾಲದು,
ಗಾದೆ ಕಟ್ಟಿದವರು ಹೇಳಲಿಲ್ಲ.
ಅವರು ಕುರ್ಚಿ ಕಂಡಿರಲಿಕ್ಕಿಲ್ಲ.

ಆಮೇಲೆ ಒಂದು ಗುರುವಾರ
ಬಿಲ್ಲಿನಲ್ಲಿ ಹೆಸರು ತಪ್ಪಾಗಿದೆ ಅಂತ
ಮಂಡಕ್ಕಿ ಭಟ್ಟಿಯ ಫೈರೋಜಾಬಿ ಬಂದಳು.
ಬಿರೋಜವ್ವ ಅಂತ ಬರೆದಿತ್ತು,
ಬರೆದವಳು ನಾನೇ.
ಕಡತ ತರಲು ಮೇಜು ಹಿಡಿದು ಎದ್ದ ನನ್ನನ್ನು
ಅವಳು ಬಿಲ್ಲಿಗಿಂತ ಹೆಚ್ಚು ಹೊತ್ತು ನೋಡಿದಳು.
'ಸಂಜಿಗೆ ಭಟ್ಟಿ ಕಡೆ ಬರ್ರಿ ಮೇಡಂ.
ಹಳೇ ಸೀರಿ ಉಟ್ಕಂಡು ಬರ್ರಿ.'

ಹೊಟ್ಟಿನ ಬೆಂಕಿ, ಕಣ್ಣಿಗೆ ಕಚ್ಚುವ ಹೊಗೆ.
ಬಾಣಲಿಯ ಕರಿ ಮರಳಿಗೆ ಅಕ್ಕಿ ಬಿದ್ದದ್ದೇ
ಬೆಳ್ಳಗೆ ಹಿಗ್ಗಿ, ಜರಡಿ ಹತ್ತಿ, ಮೂಟೆ ಸೇರುತ್ತಿತ್ತು.
ಅಕ್ಕಿಗೆ ಎರಡೇ ಉಸಿರಿನ ಕೆಲಸ,
ಅವಳಿಗೆ ಬೆಳಗಿನ ನಾಲ್ಕರಿಂದ.
ಅದೇ ಮರಳು ಎರಡು ಮೊಗೆ ಮೊಗೆದು
ಹಳೇ ಲುಂಗಿಯಲ್ಲಿ ಗಂಟು ಕಟ್ಟಿ
ಮೊದಲು ತನ್ನ ಮೊಣಕೈಗೆ ಒತ್ತಿ ನೋಡಿದಳು,
ಎಳೆಗೂಸಿನ ಬಿಸಿನೀರು ನೋಡುವ ಹಾಗೆ.
ನಾನು ನುಚ್ಚು ಮಂಡಕ್ಕಿಯ ಮೂಟೆಯ ಮೇಲೆ ಬೋರಲು.
('ಮಾರೋದಲ್ಲ, ಮಲಕ್ಕಳ್ರಿ.')
ಉಸಿರು ಬಿಟ್ಟಾಗೆಲ್ಲ ಕೆಳಗೆ ಜರ್ ಜರ್.

ಬೆನ್ನೊಳಗೆ ಒಂದು ಗಂಟು, ಬೆನ್ನ ಮೇಲೆ ಒಂದು ಗಂಟು.
ಒಳಗಿನದು ಮೊದಲು ಬಿಗಿದುಕೊಂಡಿತು.
ಆಮೇಲೆ ಹೇಗೆ ಸಡಿಲಾಯಿತೋ,
ನಾನು ಅಷ್ಟರಲ್ಲಿ ಗೊರಕೆ ಹೊಡೆದಿದ್ದೆನಂತೆ.

'ನೀವು ಕುಂತು ಕೆಟ್ರಿ, ನಾ ನಿಂತು ಕೆಟ್ಟೆ' ಎಂದು
ತನ್ನ ಹಿಮ್ಮಡಿ ತೋರಿಸಿದಳು. ಬಿರುಕಿನ ತುಂಬ ಮಸಿ.
'ಇದಕ್ಕೆ ಯಾವ ಮರಳು ಫೈರೋಜಾ' ಎಂದೆ.
ಜರಡಿ ಅಲ್ಲಾಡಿಸಿದಳು, ಅಷ್ಟೇ.

ಮರುದಿನದಿಂದ
ತೊಂಬತ್ತಾರರ ಮೂರು ದಪ್ಪ ರಿಜಿಸ್ಟರು
ಕಂಪ್ಯೂಟರಿನ ಕೆಳಗೆ, ಕತ್ತು ಮೇಲೆದ್ದಿತು.
ತೊಂಬತ್ತೇಳರದು ನನ್ನ ಕಾಲಡಿ.
(ಬಾಕಿದಾರರೇ, ಕ್ಷಮೆಯಿರಲಿ.)
ಗಂಟು ಕೊಟ್ರಬಸಪ್ಪನವರ ಗುಂಡಿಯಲ್ಲಿ, ಸೊಂಟಕ್ಕೆ ಒತ್ತಾಗಿ.
ಅರ್ಧ ಗಂಟೆಗೊಮ್ಮೆ ಎದ್ದು
ಆಚೆ ತುದಿಯ ಮಡಕೆಗೆ ಹೋಗಿ ಅರ್ಧ ಲೋಟ ನೀರು.
ಇವಳಿಗೆ ಸಕ್ಕರೆ ಕಾಯಿಲೆ ಅಂತ ಸುದ್ದಿಯಾಗಿದೆ. ಆಗಲಿ.

ನೋವು ಹೋಗಿಲ್ಲ.
ಈಗ ಮೂರೂವರೆಗೆ ಬರುತ್ತದೆ,
ಲೇಟಾಗಿ ಬಂದವರ ಹಾಗೆ ಸ್ವಲ್ಪ ನಾಚಿಕೊಂಡು.

ಮಹಡಿ ಮೆಟ್ಟಿಲ ಕೆಳಗೆ, ಗುಜರಿ ಪಟ್ಟಿಯಲ್ಲಿ,
ಒಂದು ಕಬ್ಬಿಣದ ಸ್ಟೂಲು ಇತ್ತು. ಕ್ರಮಸಂಖ್ಯೆ ನಲವತ್ತೊಂದು.
ಈಗ ಭಟ್ಟಿಯಲ್ಲಿದೆ.
ಫೈರೋಜಾ ಅದರ ಮೇಲೆ ಕೂರುವುದಿಲ್ಲ,
ಒಂದು ಕಾಲು ಏರಿಸಿ ನಿಲ್ಲುತ್ತಾಳೆ, ಸ್ವಲ್ಪ ಹೊತ್ತಿಗೆ ಇನ್ನೊಂದು.
ಆಡಿಟ್‌ನವರು ಕೇಳಿದರೆ
ನಲವತ್ತರ ನಂತರ ನಲವತ್ತೆರಡು ಓದುತ್ತೇನೆ,
ಬೆನ್ನು ನೆಟ್ಟಗಿಟ್ಟುಕೊಂಡು.